ಕತ್ತಲೆಯ ಪೆಟ್ಟಿಗೆಯಲ್ಲಿ ಕಳ್ಳ ಬೆಳಕು

(ಬಿಡುವಿನ ವೇಳೆ)

ಕಳೆದ ಸಂಚಿಕೆಯಲ್ಲಿ ಹಳೆಯ ಮಸೂರಗಳ ಮೇಲೆ ಹಿಡಿಯುವ ಬೂಷ್ಟಿನ ವಿಷಯವಾಗಿ ಬರೆದಿದ್ದೆವು. ಅದನ್ನೋದಿದ ಸದಸ್ಯರಲ್ಲಿ ಹಲವರು ಟ್ರಂಕಿನ ತಳದಿಂದಲೂ, ಬೀರುವಿನ ಮೇಲಿನ ಖಾನೆಯಿಂದಲೂ ತಮ್ಮ ಹಿರಿಯರ ಕ್ಯಾಮರಾಗಳನ್ನು ಹೊರಗೆ ತೆಗೆದು, ಒರೆಸಿ, ಒಂದೊಂದು ರೋಲು ಫಿಲ್ಮು ಹಾಕಿ ನೋಡಿದರೆಂದು ತಿಳಿದು ಸಂತೋಷವಾಯಿತು. ಆದರೆ ಆ ಸಂತೋಷದ ಬೆನ್ನಿಗೇ ಒಂದು ದೂರೂ ಬಂದಿದೆ. "ಚಿತ್ರವೇನೋ ಮೂಡಿದೆ, ಆದರೆ ಅದರ ಮೇಲೆ ಯಾರೋ ಸುಣ್ಣದ ನೀರನ್ನು ಎರಚಿದ ಹಾಗೆ ಬಿಳಿಯ ಪಟ್ಟೆಗಳು ಬಿದ್ದಿವೆ. ಕ್ಯಾಮರಾ ಕೆಟ್ಟಿತೆಂದು ತಿಳಿಯಬೇಕೆ? ರದ್ದಿಯವನಿಗೆ ಕೊಡಬೇಕೆ?" ಎಂಬುದು ಆ ದೂರಿನ ಸಾರಾಂಶ.

ದಯವಿಟ್ಟು ಕೊಡಬೇಡಿ. ಇದು ಹಳೆಯ ಕ್ಯಾಮರಾಗಳಿಗೆ ಬರತಕ್ಕ ಅತಿ ಸಾಮಾನ್ಯವಾದ ಕಾಯಿಲೆ. ಕಾಯಿಲೆಯ ಮೂಲ ಎಲ್ಲಿದೆಯೆಂದು ಗೊತ್ತಾದರೆ, ಹತ್ತರಲ್ಲಿ ಏಳೆಂಟು ಪಾಲು ಮದ್ದು ಮನೆಯಲ್ಲಿಯೇ ಆದೀತು. ಮೂಲ ಹುಡುಕದೆ ಮದ್ದಿಗೆ ಹೊರಟರೆ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಹಾಗೆ ಆದದ್ದೂ ಉಂಟು. ನಮ್ಮ ಸದಸ್ಯರೊಬ್ಬರು ತಮ್ಮ ತಂದೆಯವರ ಮಡಿಸುವ ಕ್ಯಾಮರಾವನ್ನು ತೆಗೆದುಕೊಂಡು ಧಾರವಾಡಕ್ಕೆ ಹೋಗಿದ್ದರು. ಎಂಬತ್ತನಾಲ್ಕು ವರುಷದ ತಾಯಿಯನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ, ತಂದೆ ಬಳಸುತ್ತಿದ್ದ ಅದೇ ಕ್ಯಾಮರಾದಿಂದ ಹನ್ನೆರಡು ಚಿತ್ರ ತೆಗೆದರು. ಊರಿಗೆ ಮರಳಿ ತೊಳೆಸಿ ನೋಡಿದರೆ ಒಂಬತ್ತು ಚಿತ್ರಗಳಲ್ಲಿ ತಾಯಿಯ ಮುಖದ ಮೇಲೆಯೇ ಬೆಳಕಿನ ಮಬ್ಬು! ಹಿಂದಿನ ಬಾಗಿಲು ಸಡಿಲವೆಂದು ಯಾರೋ ಹೇಳಿದರು, ಬಾಗಿಲ ಸುತ್ತ ಕಪ್ಪು ಪಟ್ಟಿ ಅಂಟಿಸಿದರು, ಇನ್ನೊಂದು ರೋಲು ಹಾಕಿದರು, ಅದೂ ಹಾಳಾಯಿತು. ಬಾಗಿಲಿನಲ್ಲಿ ದೋಷವೇ ಇರಲಿಲ್ಲ. ದೋಷವಿದ್ದದ್ದು ಎಲ್ಲಿ ಎಂಬುದನ್ನು ಆ ಹಾಳಾದ ಫಿಲ್ಮೇ ಹೇಳುತ್ತಿತ್ತು, ಕೇಳುವವರಿರಲಿಲ್ಲ ಅಷ್ಟೆ.

ಡಿಜಿಟಲ್ ಕ್ಯಾಮರಾದಲ್ಲಾದರೆ ಚಿತ್ರ ಕೆಟ್ಟದ್ದು ಆ ಕ್ಷಣದಲ್ಲಿಯೇ ಕಣ್ಣಿಗೆ ಬೀಳುತ್ತದೆ, ಮತ್ತೊಂದು ತೆಗೆಯಬಹುದು. ಫಿಲ್ಮಿನಲ್ಲಿ ಹಾಗಲ್ಲ. ಮದುವೆಯ ಧಾರೆಯಾಗಲಿ, ಅಜ್ಜಿಯ ನಗುವಾಗಲಿ, ಕೆಟ್ಟಿತೆಂದು ತಿಳಿಯುವ ಹೊತ್ತಿಗೆ ಅದು ಕಳೆದುಹೋಗಿರುತ್ತದೆ. ಆದುದರಿಂದ ಮುಖ್ಯವಾದ ಸಂದರ್ಭಕ್ಕೆ ಹಳೆಯ ಕ್ಯಾಮರಾವನ್ನು ಒಯ್ಯುವುದಕ್ಕೆ ಮುಂಚೆ ಪರೀಕ್ಷೆ ಮಾಡಿಕೊಳ್ಳುವುದು ವಿವೇಕ.

ಪೆಟ್ಟಿಗೆ, ಕಾಗದ, ಫಿಲ್ಮು

ಕ್ಯಾಮರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದು ಅರ್ಥ. ಅದು ಕತ್ತಲೆಯ ಕೋಣೆ. ಅದಕ್ಕೆ ಒಂದೇ ಕಿಟಕಿ, ಅದೇ ಮಸೂರ. ಆ ಕಿಟಕಿಗೆ ಒಂದೇ ಕದ, ಅದೇ ಷಟರು. ಬೇರೆ ಯಾವ ಸಂದಿಯಿಂದ ಬೆಳಕು ಬಂದರೂ ಅದು ಕಳ್ಳ ಬೆಳಕು.

ಸಣ್ಣದೊಂದು ಸೂಜಿಯ ತೂತಿನಿಂದ ಬರುವ ಬೆಳಕು ಎಷ್ಟು ಮಹಾ, ಎಂದು ಕೇಳುವಿರಾ? ಲೆಕ್ಕ ಹಾಕಿ ನೋಡೋಣ. ಬಿಸಿಲಿನಲ್ಲಿ ಚಿತ್ರ ತೆಗೆಯುವಾಗ ಷಟರು ಸೆಕೆಂಡಿನ ೧೨೫ನೆಯ ಒಂದು ಭಾಗ ಮಾತ್ರ ತೆರೆದಿರುತ್ತದೆ ಎನ್ನೋಣ. ಒಂದು ಚಿತ್ರ ತೆಗೆದು ಮತ್ತೊಂದನ್ನು ತೆಗೆಯುವ ಮಧ್ಯೆ ಹತ್ತು ನಿಮಿಷ ಕಳೆದರೆ ೬೦೦ ಸೆಕೆಂಡುಗಳಾದವು. ಅಂದರೆ ಷಟರಿಗೆ ಸಿಕ್ಕಿದ ಕಾಲದ ೭೫,೦೦೦ ಪಾಲು ಕಾಲ ಆ ತೂತಿಗೆ ಸಿಕ್ಕಿತು. ತೂತು ಚಿಕ್ಕದು, ಅದರ ಬಿಡುವು ದೊಡ್ಡದು. ಹನಿಹನಿಗೂಡಿದರೆ ಹಳ್ಳ.

ನಮ್ಮ ಮನೆಗಳಲ್ಲಿರುವ ದೊಡ್ಡ ಫಿಲ್ಮಿನ ಕ್ಯಾಮರಾಗಳು ಬಹುತೇಕ ೧೨೦ ಎಂಬ ನಂಬರಿನ ರೋಲನ್ನು ಬಳಸುವಂಥವು. ಈ ರೋಲನ್ನು ಕೊಡಕ್ ಕಂಪನಿಯವರು ೧೯೦೧ರಲ್ಲಿ ತಮ್ಮ ಎರಡನೆಯ ನಂಬರಿನ ಬ್ರೌನಿ ಪೆಟ್ಟಿಗೆ ಕ್ಯಾಮರಾಕ್ಕಾಗಿ ಹೊರತಂದರು. ಅಂದಿನಿಂದ ಇಂದಿನವರೆಗೂ ಅದು ನಿಂತಿಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿಯೇ, ೧೯೬೦ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ, ಫಿಲ್ಮು ತಯಾರಾಗುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಗಿದೆ. ಈಗ ಸಿಗುವ ರೋಲುಗಳು ಬಹುಮಟ್ಟಿಗೆ ಪರದೇಶದಿಂದ ಬರತಕ್ಕವು. ಬೆಲೆಯೂ ಅದಕ್ಕೆ ತಕ್ಕ ಹಾಗೆಯೇ. ಚೌಕ ಚಿತ್ರವಾದರೆ ಒಂದು ರೋಲಿಗೆ ಹನ್ನೆರಡು, ಉದ್ದನೆಯ ಚಿತ್ರವಾದರೆ ಎಂಟು. ಒಂದು ಚಿತ್ರ ಕೆಟ್ಟರೂ ನಷ್ಟ ನಷ್ಟವೇ.

ಚಿಕ್ಕ ಕ್ಯಾಮರಾದ ೩೫ ಮಿಲಿಮೀಟರಿನ ಫಿಲ್ಮು ತಗಡಿನ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ೧೨೦ರ ಫಿಲ್ಮಿಗೆ ಆ ಡಬ್ಬಿಯಿಲ್ಲ. ಬೆನ್ನಿಗೆ ಒಂದು ಕಪ್ಪು ಕಾಗದ, ಎರಡು ಪಕ್ಕಗಳಲ್ಲಿ ಉರುಳೆಯ ಬಿಲ್ಲೆಗಳು, ಇಷ್ಟೇ ಅದರ ಕೋಟೆ. ಕಾಗದ ಬಿಗಿಯಾಗಿ ಸುತ್ತಿಕೊಂಡಿರುವಷ್ಟು ಹೊತ್ತು ಬೆಳಕು ಒಳಗೆ ಬಾರದು. ಸಡಿಲವಾಯಿತೋ, ಪಕ್ಕದಿಂದ ನುಸುಳಿತೆಂದೇ ತಿಳಿಯಿರಿ.

ಫಿಲ್ಮನ್ನೇ ಕೇಳಿ

ವೈದ್ಯರು ನಾಡಿ ಹಿಡಿಯುವ ಹಾಗೆ ಮೊದಲು ನೆಗೆಟಿವನ್ನು ಕೈಗೆ ತೆಗೆದುಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ. ಈಗಿನ ಸ್ಟುಡಿಯೋದವರು ಫಿಲ್ಮನ್ನು ತೊಳೆದು, ಸ್ಕ್ಯಾನ್ ಮಾಡಿ, ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿಬಿಡುತ್ತಾರೆ. ಆ ಚಿತ್ರಗಳಲ್ಲಿ ಫಿಲ್ಮಿನ ಅಂಚು ಇರುವುದಿಲ್ಲ. ರೋಗದ ಗುರುತು ಅಂಚಿನಲ್ಲಿಯೇ ಇರುವುದರಿಂದ ನೆಗೆಟಿವನ್ನು ಕೇಳಿ ವಾಪಸು ಪಡೆಯತಕ್ಕದ್ದು. ಆದರೆ ಕತ್ತರಿಸದೆ ಉದ್ದಕ್ಕೆ ಕೊಡಿರೆಂದು ಹೇಳಿ.

ನೆಗೆಟಿವಿನಲ್ಲಿ ಎಲ್ಲವೂ ತಲೆಕೆಳಗು: ಹೆಚ್ಚು ಬೆಳಕು ಬಿದ್ದ ಜಾಗ ಕಪ್ಪಾಗಿರುತ್ತದೆ. ಆದಕಾರಣ ಪ್ರಿಂಟಿನಲ್ಲಿ ಬಿಳಿಯಾಗಿ ಕಾಣುವ ಪಟ್ಟೆ ನೆಗೆಟಿವಿನಲ್ಲಿ ಕಪ್ಪು ಪಟ್ಟೆಯಾಗಿರುತ್ತದೆ. ಬಣ್ಣದ ಫಿಲ್ಮಿನಲ್ಲಿ ಬೆಳಕು ಹಿಂಬದಿಯಿಂದ ನುಗ್ಗಿದ್ದರೆ ಪ್ರಿಂಟಿನಲ್ಲಿ ಕೆಂಪೋ ಕಿತ್ತಳೆಯೋ ಆದ ಛಾಯೆ ಕಾಣಬಹುದು; ಫಿಲ್ಮಿನ ಪದರಗಳಲ್ಲಿ ಕೆಂಪನ್ನು ಗ್ರಹಿಸುವ ಪದರ ತಳದಲ್ಲಿರುವುದರಿಂದ ಹಿಂದಿನಿಂದ ಬಂದ ಬೆಳಕು ಮೊದಲು ಅದನ್ನೇ ಮುಟ್ಟುತ್ತದೆ.

ಈಗ ಮೂರು ಪ್ರಶ್ನೆ ಕೇಳಿ.

ಮೊದಲನೆಯ ಪ್ರಶ್ನೆ: ಕಲೆ ಚಿತ್ರದ ಚೌಕಟ್ಟನ್ನು ದಾಟಿ ಅಂಚಿನವರೆಗೂ ಹರಿದಿದೆಯೆ, ಇಲ್ಲವೆ ಚೌಕಟ್ಟಿನ ಗೆರೆಯಲ್ಲಿಯೇ ನಿಂತಿದೆಯೆ? ಎಲ್ಲ ಪ್ರಶ್ನೆಗಳಿಗೂ ಇದು ತಾಯಿ. ಫಿಲ್ಮಿನ ಮುಂದೆ ಲೋಹದ ಚೌಕಟ್ಟೊಂದು ಇರುತ್ತದೆ. ಮುಂದಿನಿಂದ ಬಂದ ಬೆಳಕು, ಅಂದರೆ ತಿದಿಯ ತೂತಿನಿಂದಲೋ, ಮಸೂರದ ಬುಡದಿಂದಲೋ, ಷಟರಿನಿಂದಲೋ ಬಂದದ್ದು, ಆ ಚೌಕಟ್ಟನ್ನು ದಾಟಲಾರದು. ಹಿಂದಿನಿಂದ ಬಂದ ಬೆಳಕಿಗೆ ಆ ತಡೆಯಿಲ್ಲ. ಅದು ಅಂಚಿನ ಮೇಲೆಯೂ, ಎರಡು ಚಿತ್ರಗಳ ನಡುವಣ ಖಾಲಿ ಜಾಗದ ಮೇಲೆಯೂ ಹರಿಯುತ್ತದೆ. ಕಲೆ ಚೌಕಟ್ಟಿನೊಳಗೇ ನಿಂತಿದ್ದರೆ ಕ್ಯಾಮರಾದ ಮುಂಭಾಗವನ್ನು ನೋಡಿ. ಅಂಚಿಗೂ ಹರಿದಿದ್ದರೆ ಬಾಗಿಲು, ಕೀಲು, ಚಿಲಕ, ಕೆಂಪು ಕಿಟಕಿ ಇವನ್ನು ನೋಡಿ. ಧಾರವಾಡದ ಚಿತ್ರಗಳಲ್ಲಿ ಕಲೆ ಗೆರೆ ಕೊಯ್ದ ಹಾಗೆ ಚೌಕಟ್ಟಿನಲ್ಲಿಯೇ ನಿಂತಿತ್ತು. ಬಾಗಿಲಿಗೆ ಪಟ್ಟಿ ಅಂಟಿಸಿ ಫಲವೇನು?

ಎರಡನೆಯ ಪ್ರಶ್ನೆ: ಕಲೆ ಪ್ರತಿಯೊಂದು ಚಿತ್ರದಲ್ಲಿಯೂ ಒಂದೇ ಜಾಗದಲ್ಲಿದೆಯೆ? ಇದ್ದರೆ ಕ್ಯಾಮರಾದಲ್ಲಿಯೇ ತೂತು ಇರುವುದು ಬಹುಮಟ್ಟಿಗೆ ಖಂಡಿತ. ಮೊದಲನೆಯ ಚಿತ್ರದಲ್ಲಿ ಮಾತ್ರವೋ, ಕಡೆಯದರಲ್ಲಿ ಮಾತ್ರವೋ ಇದ್ದರೆ, ರೋಲು ಹಾಕುವಾಗ ಅಥವಾ ತೆಗೆಯುವಾಗ ಬಿಸಿಲು ತಾಗಿದೆ. ಫಿಲ್ಮಿನ ಎರಡು ಅಂಚುಗಳಿಂದ ಒಳಕ್ಕೆ ನಾಲಗೆ ಚಾಚಿದಂತೆ ಕಪ್ಪು ಕಲೆಗಳು ಸಾಲಾಗಿದ್ದರೆ ರೋಲು ಸಡಿಲವಾಗಿ ಸುತ್ತಿಕೊಂಡಿತ್ತೆಂದು ಅರ್ಥ. ಇದರಲ್ಲಿ ಬಾಗಿಲಿನ ತಪ್ಪೂ ಇಲ್ಲ, ತಿದಿಯ ತಪ್ಪೂ ಇಲ್ಲ.

ಮೂರನೆಯ ಪ್ರಶ್ನೆ: ಕಲೆ ಒಂದರಲ್ಲಿ ಗಾಢವಾಗಿ, ಒಂದರಲ್ಲಿ ತೆಳುವಾಗಿ ಇದೆಯೆ? ಯಾವ ಚಿತ್ರದ ಮುಂದೆ ಕ್ಯಾಮರಾ ಬಿಸಿಲಿನಲ್ಲಿ ಹೆಚ್ಚು ಹೊತ್ತು ಇತ್ತೆಂಬುದನ್ನು ನೆನಪಿಗೆ ತಂದುಕೊಳ್ಳಿ. ಬೇಗಬೇಗನೆ ತೆಗೆದ ಚಿತ್ರ ಸ್ವಚ್ಛವಾಗಿದ್ದು, ತಡವಾಗಿ ತೆಗೆದದ್ದು ಮಬ್ಬಾಗಿದ್ದರೆ ಸಣ್ಣ ತೂತಿನ ಕೆಲಸವೇ. ಧಾರವಾಡದ ಹನ್ನೆರಡರಲ್ಲಿ ಮೂರು ಚಿತ್ರ ಉಳಿದದ್ದೂ ಇದರಿಂದಲೇ. ಆ ಮೂರನ್ನು ಒಂದರ ಬೆನ್ನಿಗೆ ಒಂದರಂತೆ ತೆಗೆದಿದ್ದರು.

ಇನ್ನು ದಿಕ್ಕಿನ ವಿಚಾರ. ಮಸೂರವು ಚಿತ್ರವನ್ನು ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಫಿಲ್ಮಿನ ಮೇಲೆ ಬೀಳಿಸುತ್ತದೆ. ಬಾಗಿಲ ಸಂದಿಯಿಂದ ಬಂದ ಬೆಳಕಾದರೋ ತಾನು ಬಂದ ಜಾಗದ ಹತ್ತಿರದಲ್ಲಿಯೇ ಫಿಲ್ಮನ್ನು ಸುಡುತ್ತದೆ. ಆದುದರಿಂದ ಚಿತ್ರದ ಕೆಳಭಾಗದಲ್ಲಿ ಕಲೆಯಿದ್ದರೆ ಬಾಗಿಲಿನ ಮೇಲ್ಭಾಗವನ್ನು ಶೋಧಿಸಬೇಕು; ಚಿತ್ರದ ಎಡಕ್ಕಿದ್ದರೆ ಕ್ಯಾಮರಾದ ಹಿಂದೆ ನಿಂತವರ ಬಲಗಡೆಯನ್ನು ಶೋಧಿಸಬೇಕು. ತಿದಿಯ ತೂತಾದರೆ ಲೆಕ್ಕ ಮತ್ತೊಮ್ಮೆ ತಿರುಗುತ್ತದೆ. ಮೇಲಿನ ಮಡಿಕೆಯ ತೂತಿನಿಂದ ಬಂದ ಕಿರಣ ಓರೆಯಾಗಿ ಇಳಿದು ಫಿಲ್ಮಿನ ಕೆಳಭಾಗಕ್ಕೆ ಬೀಳುವುದು ಸಾಮಾನ್ಯ. ಪ್ರಿಂಟಿನಲ್ಲಿ ಅದು ಮೇಲುಗಡೆ ಕಾಣುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಎಲ್ಲ ಕಲೆಯೂ ಕಳ್ಳ ಬೆಳಕಿನದಲ್ಲ. ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಸಾಲುಸಾಲಾಗಿ ಬಿಲ್ಲೆಗಳು ಕಂಡರೆ ಅದು ಮಸೂರದೊಳಗಿನ ಪ್ರತಿಫಲನ. ಮಸೂರಕ್ಕೆ ಒಂದು ಮರೆ ಹಿಡಿದರೆ ಸಾಕು. ಚಿತ್ರದೊಳಗೆ ಆಕಾಶ ಪಟ್ಟೆಪಟ್ಟೆಯಾಗಿದ್ದು, ಅಂಚು ಮಾತ್ರ ತಿಳಿಯಾಗಿದ್ದರೆ ತೊಳೆಯುವಾಗ ಔಷಧ ಸಮನಾಗಿ ಆಡಲಿಲ್ಲವೆಂದು ಶಂಕಿಸಬಹುದು; ಬೆಳಕೇ ಬೀಳದ ಅಂಚನ್ನು ಔಷಧದ ಏರುಪೇರು ಕಪ್ಪು ಮಾಡಲಾರದು. ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರದಲ್ಲಿ ಹೋಗಿಬಂದ ಫಿಲ್ಮಿನಲ್ಲಿ ಅಲೆಅಲೆಯಾದ ಮಬ್ಬು ಬರುವುದುಂಟು. ಈಚೆಗೆ ಬಂದಿರುವ ಸಿ.ಟಿ. ಬಗೆಯ ತಪಾಸಣಾ ಯಂತ್ರಗಳು ಫಿಲ್ಮಿಗೆ ಇನ್ನೂ ಅಪಾಯಕರ. ವಿಮಾನದಲ್ಲಿ ಹೋಗುವವರು ರೋಲುಗಳನ್ನು ಒಂದು ಪಾರದರ್ಶಕ ಚೀಲದಲ್ಲಿಟ್ಟುಕೊಂಡು, ಕೈಯಿಂದಲೇ ತಪಾಸಣೆ ಮಾಡಿರೆಂದು ವಿನಯದಿಂದ ಕೇಳಿಕೊಳ್ಳುವುದು ಮೇಲು. ತಪಾಸಣೆಗೆ ಕೊಡುವ ದೊಡ್ಡ ಪೆಟ್ಟಿಗೆಯಲ್ಲಂತೂ ಇಡಲೇಬಾರದು.

ಮೂರು ಪರೀಕ್ಷೆಗಳು

ಫಿಲ್ಮು ಹೇಳಿದ ಸಾಕ್ಷಿಯನ್ನು ಕ್ಯಾಮರಾದ ಮೇಲೆ ತಾಳೆ ನೋಡಬೇಕಷ್ಟೆ. ಮೊದಲನೆಯದು ದೀಪದ ಪರೀಕ್ಷೆ, ಖರ್ಚಿಲ್ಲದ್ದು. ಅಮಾವಾಸ್ಯೆಯಂಥ ಕತ್ತಲೆಯಿರುವ ಕೋಣೆಯನ್ನು ಆರಿಸಿಕೊಳ್ಳಿ. ನಗರದ ಮನೆಗಳಲ್ಲಿ ರಾತ್ರಿಯ ಹೊತ್ತಿನ ಬಚ್ಚಲುಮನೆ ಅನುಕೂಲ. ಕಣ್ಣಿಗೆ ಕತ್ತಲೆ ಒಗ್ಗಲು ಹತ್ತು ನಿಮಿಷ ಸುಮ್ಮನೆ ಕುಳಿತಿರಿ. ಖಾಲಿ ಕ್ಯಾಮರಾದ ತಿದಿಯನ್ನು ಪೂರ್ತಿ ಎಳೆದು, ಹಿಂದಿನ ಬಾಗಿಲು ತೆರೆದು, ಮೊಬೈಲಿನ ದೀಪವನ್ನು ಒಳಮುಖವಾಗಿ ಹಿಡಿದು, ಸುತ್ತ ಕಪ್ಪು ಬಟ್ಟೆ ಮುಚ್ಚಿ. ಈಗ ಹೊರಗಿನಿಂದ ಮಡಿಕೆಯ ಒಂದೊಂದು ಮೂಲೆಯನ್ನೂ ನೋಡಿರಿ. ತಿದಿಯನ್ನು ಸ್ವಲ್ಪ ಅತ್ತ, ಸ್ವಲ್ಪ ಇತ್ತ ಬಾಗಿಸಿ ನೋಡಿರಿ. ತೂತಿದ್ದರೆ ನಕ್ಷತ್ರದ ಹಾಗೆ ಮಿನುಗುತ್ತದೆ. ಬಾಗಿಲನ್ನು ಪರೀಕ್ಷಿಸಬೇಕಾದರೆ ಬೀಗದ ಕೈಗೊಂಚಲಿಗೆ ಕಟ್ಟುವಂಥ ಪುಟ್ಟ ಟಾರ್ಚನ್ನು ಹೊತ್ತಿಸಿ ಒಳಗಿಟ್ಟು ಬಾಗಿಲು ಮುಚ್ಚಿ, ಸಂದಿಗಳನ್ನು ಎಲ್ಲ ಕೋನಗಳಿಂದಲೂ ನೋಡಬೇಕು.

ಎರಡನೆಯದು ಕಾಗದದ ಪರೀಕ್ಷೆ. ಮನೆಯಲ್ಲಿ ಪ್ರಿಂಟು ಹಾಕುವ ಹವ್ಯಾಸವಿದ್ದವರು ಕತ್ತಲೆಕೋಣೆಯಲ್ಲಿ ಬ್ರೋಮೈಡ್ ಕಾಗದದ ಒಂದು ತುಂಡನ್ನು ಫಿಲ್ಮಿನ ಜಾಗದಲ್ಲಿಟ್ಟು ಬಾಗಿಲು ಮುಚ್ಚಿ, ಮಸೂರಕ್ಕೆ ಮುಚ್ಚಳ ಹಾಕಿ, ಕ್ಯಾಮರಾವನ್ನು ಬಿಸಿಲಿನಲ್ಲಿ ಕಾಲು ಗಂಟೆಯ ಹೊತ್ತು ಎಲ್ಲ ಮಗ್ಗುಲಿಗೂ ತಿರುಗಿಸಿ, ಮತ್ತೆ ಕತ್ತಲೆಯಲ್ಲಿ ತೆಗೆದು ಔಷಧದಲ್ಲಿ ಅದ್ದಿ ನೋಡಬಹುದು. ಕಪ್ಪಾದ ಕಡೆ ಬೆಳಕು ಬಂದಿದೆ. ಆದರೆ ಈ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಆದುದರಿಂದ ಕೆಂಪು ಕಿಟಕಿಯ ದೋಷ ಇದರಲ್ಲಿ ಸಿಕ್ಕದು.

ಮೂರನೆಯದು ಒಂದು ರೋಲನ್ನು ಬಲಿಕೊಡುವ ಪರೀಕ್ಷೆ. ಅವಧಿ ಮುಗಿದ ಕಪ್ಪುಬಿಳುಪು ಫಿಲ್ಮಾದರೂ ಸಾಕು. ಮಸೂರಕ್ಕೆ ಮುಚ್ಚಳ ಹಾಕಿ, ಷಟರು ಒತ್ತದೆ, ಒಂದೊಂದು ಚಿತ್ರದ ಜಾಗಕ್ಕೂ ಒಂದೊಂದು ಪ್ರಯೋಗ ಮಾಡಿ. ಒಂದನೆಯದಕ್ಕೆ ಕ್ಯಾಮರಾವನ್ನೆಲ್ಲ ಕಪ್ಪು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಬಿಸಿಲಿನಲ್ಲಿಡಿ. ಎರಡನೆಯದಕ್ಕೆ ಹಿಂಬದಿ ಮಾತ್ರ ತೆರೆದಿಡಿ; ಮೂರನೆಯದಕ್ಕೆ ತಿದಿ ಮಾತ್ರ; ನಾಲ್ಕನೆಯದಕ್ಕೆ ಕೆಂಪು ಕಿಟಕಿ ಮಾತ್ರ; ಐದನೆಯದಕ್ಕೆ ಮುಚ್ಚಳ ತೆಗೆದು ಮಸೂರ ಮಾತ್ರ. ಏನೇನು ಮಾಡಿದಿರೆಂದು ಚೀಟಿಯಲ್ಲಿ ಬರೆದಿಡಿ. ತೊಳೆದ ಮೇಲೆ ಯಾವ ನಂಬರು ಕಪ್ಪಾಗಿದೆಯೋ ಅದೇ ಕಳ್ಳನ ದಾರಿ. ಮೊದಲನೆಯದೇ ಕಪ್ಪಾಗಿದ್ದರೆ ಕ್ಯಾಮರಾವನ್ನು ಬಿಟ್ಟು ಫಿಲ್ಮನ್ನೋ, ರೋಲು ಹಾಕಿದ ಬಗೆಯನ್ನೋ, ತೊಳೆದ ಕೋಣೆಯನ್ನೋ ಶಂಕಿಸಬೇಕು.

ಮದ್ದು

ತಿದಿಯಿಂದ ಆರಂಭಿಸೋಣ. ಮಡಿಸುವ ಕ್ಯಾಮರಾಗಳಲ್ಲಿ ತೂತು ಬೀಳುವುದು ಬಹುತೇಕ ಮಡಿಕೆಯ ಮೂಲೆಗಳಲ್ಲಿ; ಸಾವಿರ ಸಲ ಮಡಿಸಿ ಬಿಚ್ಚಿದರೆ ಸೀರೆಯ ಮಡಿಕೆಯೂ ಸವೆಯುತ್ತದೆಯಷ್ಟೆ. ೧೯೫೦ರ ದಶಕದ ಆಗ್ಫಾ ಐಸೊಲೆಟ್ ಕ್ಯಾಮರಾಗಳ ತಿದಿ ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡದ್ದು. ಆ ಕ್ಯಾಮರಾ ಕೈಗೆ ಬಂದರೆ ತೂತು ಇದೆಯೆಂದೇ ಭಾವಿಸಿ ಪರೀಕ್ಷಿಸಿರಿ. ನಾಲ್ಕಾರು ಸೂಜಿತೂತುಗಳಾದರೆ, ಬಟ್ಟೆಯ ಮೇಲೆ ಚಿತ್ರ ಬಿಡಿಸಲು ಹೆಣ್ಣುಮಕ್ಕಳು ಉಪಯೋಗಿಸುವ ಕಪ್ಪು ಬಣ್ಣ ಒಳ್ಳೆಯ ಮದ್ದು. ಒಣಗಿದ ಮೇಲೂ ಅದು ಬಾಗುತ್ತದೆ, ಸಿಡಿಯುವುದಿಲ್ಲ. ತಿದಿಯನ್ನು ಪೂರ್ತಿ ಎಳೆದಿಟ್ಟು, ಸಣ್ಣ ಕುಂಚದಿಂದ ಒಳಗಡೆಯಿಂದ ತೆಳ್ಳಗೆ ಹಚ್ಚಿ. ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಒಂದು ದಿನವಾದರೂ ಮಡಿಸಬೇಡಿ. ಬೆರಳಿಗೆ ಅಂಟುವಷ್ಟು ಹಸಿಯಿದ್ದಾಗ ಮಡಿಸಿದರೆ ಮಡಿಕೆಗೆ ಮಡಿಕೆ ಹತ್ತಿಕೊಂಡು, ಬಿಚ್ಚುವಾಗ ಇದ್ದದ್ದೂ ಹರಿದೀತು.

ದಪ್ಪನೆಯ ಪಟ್ಟಿಯನ್ನು ತಿದಿಗೆ ಅಂಟಿಸಲೇಬಾರದು. ಮಡಿಕೆ ಸರಿಯಾಗಿ ಕೂರದೆ ಹತ್ತಿರದಲ್ಲಿ ಹೊಸ ತೂತು ಬೀಳುತ್ತದೆ. ದೊಡ್ಡ ಹರಕಾದರೆ ತೆಳ್ಳನೆಯ ಕಪ್ಪು ಬಟ್ಟೆಯ ತೇಪೆಯನ್ನು ರಬ್ಬರಿನ ಅಂಟಿನಿಂದ ಕೂರಿಸಬಹುದು. ಮೂಲೆಮೂಲೆಯೂ ಜರಡಿಯಾಗಿದ್ದರೆ ಹೊಸ ತಿದಿಯನ್ನೇ ಹಾಕಿಸತಕ್ಕದ್ದು. ಧಾರವಾಡದ ಕ್ಯಾಮರಾದಲ್ಲಿ ದೀಪ ಹಿಡಿದಾಗ ಕಂಡದ್ದು ಎರಡೇ ನಕ್ಷತ್ರ. ಎರಡು ತೊಟ್ಟು ಬಣ್ಣದಿಂದ ಅವು ಅಸ್ತವಾದವು. ಆ ಸದಸ್ಯರು ಮರುತಿಂಗಳೇ ಊರಿಗೆ ಹೋಗಿ ಅದೇ ಕಟ್ಟೆಯ ಮೇಲೆ ತಾಯಿಯನ್ನು ಕೂರಿಸಿ ತೆಗೆದ ಚಿತ್ರ ಈಗ ಅವರ ನಡುಮನೆಯಲ್ಲಿದೆ.

ಎರಡನೆಯದು ಬಾಗಿಲಿನ ಸಂದಿ. ಹಳೆಯ ರೋಲೈಫ್ಲೆಕ್ಸಿನಂಥ ಕ್ಯಾಮರಾಗಳಲ್ಲಿ ಬಾಗಿಲಿನ ಏಣು ದೇಹದ ಕಾಲುವೆಯೊಳಗೆ ಕೂರುವ ಹಾಗೆ ಮಾಡಿರುತ್ತಾರೆ. ಬೆಳಕು ಅಷ್ಟು ತಿರುವು ತಿರುಗಲಾರದು. ಇವು ಸೋರಿದರೆ ಬಾಗಿಲು ಎಲ್ಲಿಯೋ ಬಿದ್ದು ಸೊಟ್ಟಗಾಗಿದೆ, ಇಲ್ಲವೆ ಚಿಲಕ ಸಡಿಲವಾಗಿದೆ ಎಂದರ್ಥ. ಇದು ರಿಪೇರಿಯವರ ಕೈಯ ಕೆಲಸ. ಆದರೆ ೧೯೭೦ರ ಈಚೆಗೆ ಬಂದ ಜಪಾನಿನ ಅನೇಕ ಕ್ಯಾಮರಾಗಳಲ್ಲಿ, ಯಾಷಿಕಾ ಮ್ಯಾಟ್ ೧೨೪ಜಿ, ಮಾಮಿಯಾ ಆರ್.ಬಿ. ೬೭ ಮೊದಲಾದುವುಗಳಲ್ಲಿ, ಸಂದಿಗೆ ಕಪ್ಪು ಫೋಮಿನ ಪಟ್ಟಿ ಕೂರಿಸಿರುತ್ತಾರೆ. ಈ ಫೋಮು ಗಾಳಿಯ ತೇವಕ್ಕೆ ಕೊಳೆತು ಡಾಂಬರಿನ ಹಾಗೆ ಅಂಟಾಗುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲ ತಡಿಯ ಊರುಗಳಲ್ಲಿ ಇದು ಇನ್ನೂ ಬೇಗ.

ಇದನ್ನು ತೆಗೆಯಲು ಚಾಕು ಬೇಡ; ಬಿದಿರಿನ ಕಡ್ಡಿ ಸಾಕು. ಮೊದಲು ಫಿಲ್ಮಿನ ಚೌಕಟ್ಟಿನ ಮೇಲೆ ಒಂದು ಕಾಗದ ಮುಚ್ಚಿ, ಪುಡಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಕಡ್ಡಿಯಿಂದ ಕೆರೆದು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ಅದ್ದಿದ ಹತ್ತಿಯಿಂದ ಒರೆಸಿ. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಮುಟ್ಟಲೇಬೇಡಿ. ಪ್ಲಾಸ್ಟಿಕ್ಕು, ಬಣ್ಣ ಎರಡೂ ಕರಗುತ್ತವೆ. ಬಳಿಕ ಒಂದೂವರೆ ಅಥವಾ ಎರಡು ಮಿಲಿಮೀಟರು ದಪ್ಪದ, ಬೆನ್ನಿಗೆ ಅಂಟಿರುವ ಕಪ್ಪು ಫೋಮನ್ನು ಅಳತೆಗೆ ಕತ್ತರಿಸಿ ಕೂರಿಸಬೇಕು. ಬಾಗಿಲು ಮುಚ್ಚುವಾಗ ಬಲ ಹಾಕಬೇಕಾಗಿ ಬಂದರೆ ಫೋಮು ದಪ್ಪವಾಯಿತೆಂದು ತಿಳಿದು ಬದಲಿಸಿ. ಕಿರಿದಾದ ಕಾಲುವೆಗಳಿಗೆ ಸ್ವೆಟರು ಹೆಣೆಯುವ ಕಪ್ಪು ಉಣ್ಣೆಯ ನೂಲು ಬಹಳ ಚೆನ್ನ. ಕೀಲಿನ ಹತ್ತಿರ ಕಪ್ಪು ಮಖಮಲ್ಲಿನ ಪಟ್ಟಿ ಚೆನ್ನ. ಇವೆರಡೂ ಕೊಳೆತು ಅಂಟಾಗುವಂಥವಲ್ಲ.

ಹ್ಯಾಸೆಲ್ ಬ್ಲಾಡಿನಂಥ, ಫಿಲ್ಮಿನ ಗೂಡನ್ನೇ ಕಳಚಿ ಬದಲಿಸಬಹುದಾದ ಕ್ಯಾಮರಾಗಳಲ್ಲಿ ಇನ್ನೊಂದು ಜಾಗವುಂಟು. ಗೂಡನ್ನು ಕಳಚುವ ಮುಂಚೆ ಒಂದು ತಗಡನ್ನು ಸೀಳಿನೊಳಗೆ ತೂರಿಸುತ್ತಾರೆ. ಆ ಸೀಳಿನೊಳಗಿನ ಫೋಮು, ತೆಳು ಹಾಳೆಗಳು ಸವೆದರೆ ಚಿತ್ರದ ಒಂದೇ ಪಕ್ಕದಲ್ಲಿ ಬೆಳಕು ಸೋರುತ್ತದೆ. ಎರಡು ಗೂಡುಗಳಿದ್ದರೆ ಒಂದರಲ್ಲಿ ಮಾತ್ರ ಕಲೆ ಬರುತ್ತಿದೆಯೇ ಎಂದು ನೋಡುವುದು ಸುಲಭ ಪರೀಕ್ಷೆ. ದೋಷ ಸಿಕ್ಕುವವರೆಗೆ ತಗಡು ತೆಗೆದ ಮೇಲೆ ಆ ಸೀಳಿಗೆ ಬಿಸಿಲು ಬೀಳದಂತೆ ಕೈ ಮರೆ ಮಾಡಿ.

ಇನ್ನು ಕೆಂಪು ಕಿಟಕಿ. ಹಳೆಯ ಪೆಟ್ಟಿಗೆ ಕ್ಯಾಮರಾಗಳ ಬೆನ್ನಿನಲ್ಲಿ ಚಿತ್ರದ ನಂಬರು ನೋಡಲು ಇರುವ ಪುಟ್ಟ ಗವಾಕ್ಷ ಅದು. ಕೆಂಪೇ ಏಕೆ? ಅಂದಿನ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಆದಕಾರಣ ಕಾಗದದ ಮರೆಯ ಜೊತೆಗೆ ಕೆಂಪು ಗಾಜಿನ ಕಾವಲು ಸಾಕಾಗುತ್ತಿತ್ತು. ಇಂದಿನ ಫಿಲ್ಮುಗಳು ಬಹುತೇಕ ಎಲ್ಲ ಬಣ್ಣಗಳನ್ನೂ ಗ್ರಹಿಸುವಂಥವು. ಅವುಗಳ ವಿಷಯದಲ್ಲಿ ಆ ಕಾವಲುಗಾರ ನಿದ್ದೆ ಹೋಗಿದ್ದಾನೆ. ಚಿತ್ರದ ನಡುವೆ ಗುಂಡಗಿನ ಮಬ್ಬು, ಒಮ್ಮೊಮ್ಮೆ ಅದರಲ್ಲಿ ಕಾಗದದ ಮೇಲಿನ ನಂಬರಿನ ಛಾಯೆ ಕಂಡರೆ ಕಿಟಕಿಯದೇ ಕೆಲಸ. ಮದ್ದು ಬಲು ಸುಲಭ. ಕಪ್ಪು ಪಟ್ಟಿಯ ತುಂಡೊಂದನ್ನು ಕಿಟಕಿಗೆ ಅಂಟಿಸಿ. ನೆರಳಿನಲ್ಲಿ ನಿಂತು, ಅದನ್ನೆತ್ತಿ ನಂಬರು ನೋಡುತ್ತ ಸುತ್ತಿ, ಒಡನೆಯೇ ಮುಚ್ಚಿ. ಬರೋಡಾದಲ್ಲಿ ತಯಾರಾಗಿ ನಮ್ಮ ಎಷ್ಟೋ ಮನೆಗಳನ್ನು ಸೇರಿದ ಆಗ್ಫಾ ಕ್ಲಿಕ್ ೩ ಕ್ಯಾಮರಾದವರಿಗೆ ಈ ಒಂದು ಪಟ್ಟಿಯೇ ಅರ್ಧ ಚಿಕಿತ್ಸೆ.

ಷಟರಿನ ದೋಷವಾದರೆ, ಅಂದರೆ ಐದನೆಯ ಪ್ರಯೋಗದ ಚಿತ್ರ ಕಪ್ಪಾಗಿದ್ದರೆ, ಎಲೆಗಳು ಪೂರ್ತಿ ಮುಚ್ಚುತ್ತಿಲ್ಲವೆಂದೋ, ಬಟ್ಟೆಯ ಪರದೆಯಿರುವ ಕ್ಯಾಮರಾದಲ್ಲಿ ಪರದೆಗೆ ತೂತು ಬಿದ್ದಿದೆಯೆಂದೋ ತಿಳಿಯಬೇಕು. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಿಪೇರಿಯಾಗುವವರೆಗೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಮಸೂರಕ್ಕೆ ಮುಚ್ಚಳ ಹಾಕಿಡುವ ಅಭ್ಯಾಸ ಮಾಡಿಕೊಂಡರೆ ಕ್ಯಾಮರಾವನ್ನು ಬಳಸಬಹುದು. ರಿಪೇರಿಗೆ ಕೊಡುವಾಗ ಕ್ಯಾಮರಾದ ಜೊತೆಗೆ ಹಾಳಾದ ನೆಗೆಟಿವನ್ನೂ, ನಿಮ್ಮ ಪ್ರಯೋಗದ ಚೀಟಿಯನ್ನೂ ಕೊಡಿ. ಹಳೆಯ ಕ್ಯಾಮರಾ ಬಲ್ಲ ಕೈಗಳು ಈಗ ವಿರಳ. ಅವರ ಅರ್ಧ ದಿನ ಉಳಿಸಿದ ಹಾಗಾಗುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ರೋಲು ಹಾಕುವ ಪದ್ಧತಿ

ಕಡೆಯದಾಗಿ, ತೂತೇ ಇಲ್ಲದ ಕ್ಯಾಮರಾವನ್ನೂ ಸೋರುವಂತೆ ಮಾಡುವ ಅಜಾಗರೂಕತೆಯೊಂದಿದೆ. ರೋಲನ್ನು ಬಿಸಿಲಿನಲ್ಲಿ ನಿಂತು ಹಾಕಬಾರದು. ಮರದ ನೆರಳಿಲ್ಲದಿದ್ದರೆ ಬೆನ್ನನ್ನು ಸೂರ್ಯನಿಗೆ ತಿರುಗಿಸಿ ನಿಮ್ಮ ನೆರಳಿನಲ್ಲಿಯೇ ಹಾಕಿ. ಕಾಗದದ ನಾಲಗೆಯನ್ನು ಉರುಳೆಯ ಸೀಳಿಗೆ ನೇರವಾಗಿ ತೂರಿಸಿ, ಹೊಸ ರೋಲಿನ ಮೇಲೆ ಹೆಬ್ಬೆರಳನ್ನು ಹಗುರವಾಗಿ ಒತ್ತಿ ಹಿಡಿದು ಸುತ್ತಿದರೆ ಕಾಗದ ಬಿಗಿಯಾಗಿ ಕೂರುತ್ತದೆ. ಬಿಲ್ಲೆ ಸೊಟ್ಟಗಾದ ಉರುಳೆಯನ್ನು ಬಳಸಬೇಡಿ. ರೋಲು ಮುಗಿದ ಮೇಲೆ ಕಾಗದ ಪೂರ್ತಿ ಸುತ್ತಿಕೊಳ್ಳುವವರೆಗೆ ತಿರುಗಿಸಿ, ನೆರಳಿನಲ್ಲಿ ತೆಗೆದು, ಬಿಚ್ಚಿಕೊಳ್ಳಗೊಡದೆ ಪಟ್ಟಿ ಅಂಟಿಸಿ, ತವರದ ಹಾಳೆಯಲ್ಲೋ ಕಪ್ಪು ಚೀಲದಲ್ಲೋ ಸುತ್ತಿಡಿ. ಹೊರತೆಗೆದಾಗ ರೋಲು ಡೊಳ್ಳುಹೊಟ್ಟೆಯಂತೆ ಸಡಿಲವಾಗಿದ್ದರೆ ಒಡನೆಯೇ ಕತ್ತಲೆಗೆ ಸೇರಿಸಿ. ಮುಂದಿನ ರೋಲಿಗೆ ಮುಂಚೆ ಉರುಳೆಯನ್ನು ಒತ್ತುವ ಸ್ಪ್ರಿಂಗು ಬಿಗಿಯಾಗಿದೆಯೇ ನೋಡಿಕೊಳ್ಳಿ.

ಇಷ್ಟು ಮಾಡುವುದಕ್ಕೆ ಒಂದು ಭಾನುವಾರ ಸಾಕು, ದೊಡ್ಡ ಖರ್ಚಿಲ್ಲ. ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ; ಕತ್ತಲೆಯಲ್ಲಿ ತಿದಿಯ ನಕ್ಷತ್ರಗಳನ್ನು ಎಣಿಸುವುದು ಅವರಿಗೆ ಬಲು ಇಷ್ಟವಾದ ಕೆಲಸ, ಕಣ್ಣೂ ನಮಗಿಂತ ಚುರುಕು. ತಾತನ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಪುಸ್ತಕವಿಲ್ಲದೆ ಅವರು ಕಲಿತ ಹಾಗೂ ಆಯಿತು.

ಈ ಬಗೆಯ ತೊಂದರೆಯಿರುವ ಸದಸ್ಯರು ತಮ್ಮ ಕೆಟ್ಟ ನೆಗೆಟಿವುಗಳನ್ನು ಸಂಘದ ಮುಂದಿನ ಕೂಟಕ್ಕೆ ತಂದರೆ ಎಲ್ಲರೂ ಕೂಡಿ ನೋಡೋಣ. ಕೆಟ್ಟ ಚಿತ್ರವೆಂದು ನಾಚಬೇಕಾದ್ದಿಲ್ಲ, ಎಸೆಯಲೂ ಬೇಡಿ. ರೋಗದ ಗುರುತನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ಬೇರೊಂದಿಲ್ಲ. ಮುಂದಿನ ಸಂಚಿಕೆಯಲ್ಲಿ, ಹಳೆಯ ಷಟರು ನಿಧಾನವಾಗಿದೆಯೇ ಎಂಬುದನ್ನು ಮನೆಯಲ್ಲಿಯೇ ಅಳೆಯುವ ಉಪಾಯವನ್ನು ನೋಡೋಣ.